ಹದಿನಾಲ್ಕರ ಕೊನೆಯ ಕರೆ

ಪೊಲೀಸ್ ಚೀಫ್ ಎಂದರೆ ಕಳ್ಳರನ್ನು ಹಿಡಿಯುವವರು ಎಂದು ನಮ್ಮೂರಿನ ಮಕ್ಕಳು ಮಾತ್ರ ನಂಬುತ್ತಾರೆ. ದೊಡ್ಡವರಿಗೆ ಗೊತ್ತು: ಮೇಯರ್ ಮಾತಾಡುವಾಗ ಅವರ ಎಡಭುಜದ ಹಿಂದೆ ನಿಂತು, ಎಲ್ಲವೂ ಮೊದಲೇ ಗೊತ್ತಿತ್ತು ಎಂಬಂಥ ಮುಖ ಮಾಡುವವರೇ ಚೀಫ್. ಉಳಿದ ಹೊತ್ತಿನಲ್ಲಿ ಅವರು ಅಗ್ನಿಶಾಮಕ ದಳದ ಪ್ಯಾನ್‌ಕೇಕ್ ಕೂಟದಲ್ಲಿ ಏಪ್ರನ್ ಕಟ್ಟಿಕೊಳ್ಳಬೇಕು, ಬಜೆಟ್ ಸಭೆಯಲ್ಲಿ ತುಕ್ಕು ಹಿಡಿದ ಕಾರುಗಳ ಪರವಾಗಿ ಬೇಡಬೇಕು, ಸತ್ತವರ ಮನೆಯ ಬಾಗಿಲು ತಟ್ಟಬೇಕು, ತಮ್ಮವರಲ್ಲಿ ಯಾರಾದರೂ ಕೆಟ್ಟರೆ ಅವರನ್ನು ಮನೆಗೆ ಕಳಿಸಬೇಕು. ಸ್ಟೆಡ್‌ಮನ್ ಫೆರಿಯ ಚೀಫ್ ಕ್ಲಾರಿಸ್ ಹ್ಲಾವಟಿ ಇದನ್ನೆಲ್ಲ ಗೊಣಗದೆ ಮಾಡುತ್ತಿದ್ದರು. ಕೊನೆಯ ಕೆಲಸವನ್ನು ಮಾತ್ರ ಒಂದೇ ಸಲ ಮಾಡಿದ್ದರು. ಹಾಗೆ ಮನೆಗೆ ಹೋದ ಎಮೆಟ್ ಟ್ರೊಯಾನೊ ನನ್ನ ಎದುರುಮನೆಯವನು.

ಎಮೆಟ್ ಒಬ್ಬ ಹುಡುಗನನ್ನು ಸೈಕಲ್ಲಿನಿಂದ ತಳ್ಳಿ, ವರದಿಯಲ್ಲಿ ‘ಹುಡುಗ ತಾನಾಗಿ ಬಿದ್ದ’ ಎಂದು ಬರೆದಿದ್ದ. ಎದುರಿನ ಲಾಂಡ್ರಿಯ ಕ್ಯಾಮೆರಾ ಬೇರೆ ಕಥೆ ಹೇಳಿತು. ತಳ್ಳಿದ್ದಕ್ಕಷ್ಟೇ ಆಗಿದ್ದರೆ ಕೆಲವು ವಾರ ಮನೆಯಲ್ಲಿ ಕೂರುತ್ತಿದ್ದ. ಬರೆದದ್ದಕ್ಕೆ ಕೆಲಸವೇ ಹೋಯಿತು. ಒಮ್ಮೆ ಸುಳ್ಳು ಬರೆದ ಪೊಲೀಸನನ್ನು ಸಾಕ್ಷಿಕಟ್ಟೆ ಹತ್ತಿಸಲು ಯಾವ ಸರ್ಕಾರಿ ವಕೀಲನೂ ಒಪ್ಪುವುದಿಲ್ಲ, ಸಾಕ್ಷಿ ಹೇಳಲಾಗದ ಪೊಲೀಸನಿಂದ ಊರಿಗೆ ಉಪಯೋಗವಿಲ್ಲ. ಬ್ಯಾಡ್ಜು, ಪಿಸ್ತೂಲು, ಕಾರಿನ ಕೀಲಿಗಳನ್ನು ಅವನು ಚೀಫ್‌ರ ಮೇಜಿನ ಮೇಲಿಟ್ಟು ಹೋದ. ಕೈರೇಡಿಯೊ ಇಡಲಿಲ್ಲ. ಕ್ಲಾರಿಸ್ ಕೇಳಲೂ ಇಲ್ಲ. ಮರೆತರೋ, ಮರೆತಂತೆ ಮಾಡಿದರೋ, ಊರಿನಲ್ಲಿ ಎರಡೂ ಅಭಿಪ್ರಾಯಗಳಿದ್ದವು.

ಕೆಲಸ ಹೋದ ಕೆಲವು ವಾರಗಳ ಮೇಲೆ, ಕ್ರೈಸ್ತರು ಮಾಂಸ ಬಿಡುವ ಲೆಂಟ್ ದಿನಗಳ ಒಂದು ಶುಕ್ರವಾರ. ಸೇಂಟ್ ಹೆಡ್ವಿಗ್ ಚರ್ಚಿನ ನೆಲಮಾಳಿಗೆಯಲ್ಲಿ ಮಧ್ಯಾಹ್ನದಿಂದಲೇ ಮೀನು ಕರಿಯುತ್ತಿದ್ದರು. ಸರೋವರದ ಕಡೆಯಿಂದ ಹಿಮ ಬೀಸುತ್ತಿದ್ದರೂ ಎಣ್ಣೆಯ ವಾಸನೆ ನಮ್ಮ ಬೀದಿಯವರೆಗೆ ಬಂದಿತ್ತು. ಎಮೆಟ್‌ನ ಹೆಂಡತಿ ರೋಸೆಟ್ ಕೋಟಿಲ್ಲದೆ, ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿ ಬಂದು ನನ್ನ ಗ್ಯಾರೇಜಿನ ಬಾಗಿಲು ಬಡಿದಳು.

“ಅವನ ಕೈಲಿ ಪಿಸ್ತೂಲಿದೆ, ಅವನ ಸ್ವಂತದ್ದು,” ಅಂದಳು. “ನಿನಗೇನೂ ಮಾಡಲ್ಲ ಕಣೇ, ಹೋಗಿ ಮೀನು ತಗೊಂಡು ಬಾ ಅಂದ. ಮೀನಂತೆ.”

ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಪೊಲೀಸ್ ರೇಡಿಯೊ ಕೇಳಿಸುವ ಸ್ಕ್ಯಾನರ್ ಇಲ್ಲದ ಅಡುಗೆಮನೆ ನಮ್ಮಲ್ಲಿ ಅಪರೂಪ. ಎಲ್ಲ ಅಡುಗೆಮನೆಗಳಲ್ಲೂ ಎಮೆಟ್‌ನ ದನಿ ಕೇಳಿತ್ತು, ಡ್ಯೂಟಿಯಲ್ಲಿದ್ದಾಗಿನ ಅದೇ ನಿಧಾನದಲ್ಲಿ:

“ಹದಿನಾಲ್ಕರಿಂದ ಕಂಟ್ರೋಲ್‌ಗೆ. ನನ್ನ ಕೊನೆಯ ಕರೆ ಕೊಡಿ.”

ಹದಿನಾಲ್ಕು ಅವನ ನಂಬರ್. ಕಂಟ್ರೋಲ್ ಎಂದರೆ ನಡೀನ್, ಆ ಕುರ್ಚಿಯಲ್ಲಿ ಕೂತು ಎರಡು ತಲೆಮಾರಿನ ಪೊಲೀಸರನ್ನು ಮನೆಗೆ ಮುಟ್ಟಿಸಿದವಳು. ಮೈಕ್ ಒತ್ತಿದ ಸದ್ದು ಮಾತ್ರ ಬಂತು, ಆಮೇಲೆ ಬಿಟ್ಟ ಸದ್ದು.

ಸ್ವಲ್ಪ ಹೊತ್ತಿಗೆ ನನ್ನ ಗ್ಯಾರೇಜ್ ಪೊಲೀಸರದಾಯಿತು. ಬೀದಿಯ ಉಳಿದವರನ್ನೆಲ್ಲ ಚರ್ಚಿಗೆ ಕಳಿಸಿದರು. ಕಾಫಿ ನನ್ನದಾದ್ದರಿಂದ ನನ್ನನ್ನು ಯಾರೂ ಕಳಿಸಲಿಲ್ಲ. ಲೆಫ್ಟಿನೆಂಟ್ ಗ್ರಾಡಿ ನನ್ನ ಹಿಮ ತೆಗೆಯುವ ಯಂತ್ರದ ಮೇಲೆ ಬೀದಿಯ ನಕ್ಷೆ ಹರಡಿ, ಅದರ ಮೇಲೆ ತನ್ನ ಕಾಫಿ ಇಟ್ಟ. ನಮ್ಮ ಬೀದಿಯಲ್ಲಿರುವುದು ಒಂಬತ್ತು ಮನೆ. ಅದಕ್ಕೂ ನಕ್ಷೆ ಬೇಕಾಗಿತ್ತು.

ಕ್ಲಾರಿಸ್ ಬಂದವರೇ ತಮ್ಮ ಕೋಟು ಬಿಚ್ಚಿ ರೋಸೆಟ್‌ಗೆ ಹೊದಿಸಿದರು. ರೋಸೆಟ್ ಅದನ್ನು ಕೆಳಗೆ ಬೀಳಲು ಬಿಟ್ಟಳು.

“ನಿಮ್ಮ ಕೋಟು ಬೇಡ. ಅವನು ಕೇಳಿದ್ದು ಕೊಟ್ಟುಬಿಡಿ. ಎರಡು ಮಾತು. ಎಲ್ಲರಿಗೂ ಕೊಡ್ತೀರಲ್ಲ. ಆ ಕುಡುಕ ಹಾರ್ಗನ್‌ಗೂ ಕೊಟ್ರಿ.”

ಅದು ನಿಜ. ಪೊಲೀಸನೊಬ್ಬ ನಿವೃತ್ತನಾಗುವ ದಿನ ಕಂಟ್ರೋಲ್‌ನವರು ಊರಿಗೆಲ್ಲ ಕೇಳುವಂತೆ ಅವನ ನಂಬರ್ ಕೂಗುತ್ತಾರೆ, ಅವನು ಓಗೊಡುತ್ತಾನೆ. ಅವನ ಸೇವೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ, ಇಂಥ ನಂಬರ್ ಇನ್ನು ಡ್ಯೂಟಿಯಲ್ಲಿಲ್ಲ, ನಿನ್ನ ಕೆಲಸ ಮುಗಿಯಿತು, ಮನೆಗೆ ಹೋಗು ಎನ್ನುತ್ತಾರೆ. ಆಮೇಲೆ ಕೇಕ್. ಹಾರ್ಗನ್ ತನ್ನ ಕೇಕಿನ ಮೇಲೇ ನಿದ್ದೆ ಹೋಗಿದ್ದ. ಕೆಲಸದಿಂದ ತೆಗೆದವರಿಗೆ ಈ ಕರೆ ಇಲ್ಲ.

“ಕೊಟ್ಬಿಡೋಣ ಚೀಫ್,” ಗ್ರಾಡಿ ಅಂದ. “ನಮಗೇನು ನಷ್ಟ? ಸಮಾಧಾನ ಆಗತ್ತೆ, ಹೊರಗೆ ಬರ್ತಾನೆ. ಬರದಿದ್ರೆ ಕಿಟಕಿಯಿಂದ ಟಿಯರ್ ಗ್ಯಾಸ್ ಹಾಕಿ ನಾವು ಒಳಗೆ ಹೋಗ್ತೀವಿ.”

ಕ್ಲಾರಿಸ್ ರೋಸೆಟ್‌ಳ ಕಡೆ ತಿರುಗಿದರು. “ಏನು ಹಾಕ್ಕೊಂಡಿದಾನೆ?”

“ಯೂನಿಫಾರ್ಮು. ಒಳ್ಳೇದು. ಪರೇಡಿಗೆ ಹಾಕ್ತಾನಲ್ಲ, ಅದು. ಶೇವ್ ಮಾಡ್ಕೊಂಡಿದಾನೆ. ಎಷ್ಟು ದಿನದ ಮೇಲೆ ಅಂತೀರಿ. ನನಗೆ ಬೆಳಿಗ್ಗೆ ಖುಷಿನೇ ಆಯ್ತು.” ಅವಳು ಮೂಗು ಒರೆಸಿಕೊಂಡಳು. “ಆಮೇಲೆ ಬಚ್ಚಲಮನೆ ಪರದೆ ಬಿಚ್ಚಿ ತಂದು ಸೋಫಾ ಮೇಲೆ ಹಾಸ್ತಿದ್ದ. ಏನೋ ಇದು ಅಂದ್ರೆ, ಸೋಫಾ ಹೊಸದು ಕಣೇ ಅಂದ. ಬಣ್ಣಗಿಣ್ಣ ಹೊಡೀತಾನೇನೋ ಅಂದ್ಕೊಂಡೆ.”

ಕೊನೆಯ ಕರೆಗೆ ಇನ್ನೊಂದು ಬಗೆಯಿದೆ. ಡ್ಯೂಟಿಯಲ್ಲಿ ಸತ್ತವನಿಗೆ ಸ್ಮಶಾನದಲ್ಲಿ ಕೊಡುವುದು. ಅಲ್ಲೂ ಅದೇ ನಂಬರ್, ಅದೇ ನಾಲ್ಕು ಸಾಲು, ನಿನ್ನ ಕೆಲಸ ಮುಗಿಯಿತು ಎಂಬ ಅದೇ ಮಾತು. ಒಂದೇ ವ್ಯತ್ಯಾಸ: ಕೂಗಿದಾಗ ಯಾರೂ ಓಗೊಡುವುದಿಲ್ಲ. ಕೇಕಿನ ಕರೆಗೆ ಜನ ಎಂದಿನ ಅಂಗಿಯಲ್ಲಿ ಬರುತ್ತಾರೆ. ಪರೇಡಿನ ಯೂನಿಫಾರ್ಮ್ ಹಾಕಿಸಿಕೊಳ್ಳುವುದು ಪೆಟ್ಟಿಗೆಯಲ್ಲಿ ಮಲಗಿದವನು.

ಮೇಯರ್ ಲೈಲ್ ಒಸ್ಟ್ರಾಂಡರ್ ಫೋನ್ ಮಾಡಿದರು. ಅವರ ದನಿ ಗ್ಯಾರೇಜಿಗೆಲ್ಲ ಕೇಳುತ್ತಿತ್ತು. ಟಿವಿಯವರು ಹೊರಟಿದ್ದಾರಂತೆ. “ಎರಡು ವಾಕ್ಯ ಕಣ್ರೀ ಕ್ಲಾರಿಸ್. ನಾನು ದಿನಕ್ಕೆ ಎಷ್ಟು ಸುಳ್ಳು ಅಭಿನಂದನೆ ಹೇಳಲ್ಲ? ಹೇಳಿ ಮುಗಿಸಿ.”

“ಎರಡು ವಾಕ್ಯ, ಆಮೇಲೆ ಒಂದು ಢಂ, ಸರ್. ಅವನು ಕಾಯ್ತಿರೋದು ಅಪ್ಪಣೆಗೆ.”

“ಹಾಗಾದ್ರೆ ಸಂಧಾನದವರನ್ನ ಕರೆಸಿ.”

“ಕೌಂಟಿಯಿಂದ ಹೊರಟಿದಾರೆ. ಹೆದ್ದಾರಿಲಿ ಹಿಮದಲ್ಲಿ ಸಿಕ್ಕಾಕ್ಕೊಂಡಿದಾರೆ.”

“ನೀವೇ ಏನಾದ್ರೂ ಮಾಡಿ ಮತ್ತೆ. ಚೀಫ್ ಅಲ್ವಾ ನೀವು?” ಎಂದು ಮೇಯರ್ ಫೋನ್ ಇಟ್ಟರು.

ಅದೇ ತೊಡಕಾಗಿತ್ತು. ಇಂಥ ಸಂದರ್ಭಕ್ಕೆ ಪೊಲೀಸರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಆಜ್ಞೆ ಕೊಡುವವರು ಒಳಗಿರುವವನೊಂದಿಗೆ ಮಾತಾಡಬಾರದು, ಮಾತಾಡುವವರ ಕೈಯಲ್ಲಿ ಆಜ್ಞೆ ಇರಬಾರದು. ಮಾತಾಡುವವರಿಗೆ ಕರುಣೆ ಬಂದುಬಿಡುತ್ತದೆ ಎಂಬುದು ಕಾರಣ. ಈ ನಿಯಮವನ್ನು ಸ್ಟೆಡ್‌ಮನ್ ಫೆರಿಗೆ ತಂದವರು ಕ್ಲಾರಿಸ್. ಗ್ರಾಡಿ ಆಗಲೇ ಒಮ್ಮೆ ರೇಡಿಯೊದಲ್ಲಿ ಮಾತಾಡಿಸಲು ನೋಡಿದ್ದ; ಎಮೆಟ್ ಉತ್ತರಿಸಿರಲಿಲ್ಲ. ನಡೀನ್ ಮೈಕ್ ಒತ್ತುವುದು, ಅಳುವುದು, ಬಿಡುವುದು ನಡೆದೇ ಇತ್ತು. ಉಳಿದವರು ಕ್ಲಾರಿಸ್ ಮಾತ್ರ. ಮೊದಲ ವರ್ಷಗಳಲ್ಲಿ ಅವರೂ ಎಮೆಟ್ಟೂ ಒಂದೇ ಕಾರಿನಲ್ಲಿ ಗಸ್ತು ತಿರುಗಿದವರು. ಅವರು ಬಾಯಿ ತೆರೆದ ಕ್ಷಣದಿಂದ ಆಜ್ಞೆ ಗ್ರಾಡಿಯ ಕೈಗೆ ಹೋಗಿ, ಎಮೆಟ್ ಬದುಕುವುದೂ ಸಾಯುವುದೂ ಅವನ ಗಡಿಯಾರಕ್ಕೆ ಸೇರುತ್ತಿತ್ತು.

“ಗ್ರಾಡಿ, ಇದು ಈಗ ನಿನ್ನದು,” ಅಂದರು. “ಎಲ್ಲ ಕೇಳಿಸ್ಕೊಂಡ್ರಲ್ಲ? ಕಮಾಂಡ್ ಗ್ರಾಡಿಯದು.”

ಗ್ರಾಡಿ ಕಾಫಿ ಲೋಟ ಕೆಳಗಿಟ್ಟು ನೆಟ್ಟಗಾದ. “ಸರಿ. ನಾನು ಒಂದು ಮಾತು ಹೇಳ್ತೀನಿ. ಅವನ ರೇಡಿಯೊ ಸುಮ್ಮನಾದ್ರೆ ನಾನು ಒಳಗೆ ಹೋಗ್ತೀನಿ. ಸುಮ್ಮನಿರೋನು ಏನು ಮಾಡ್ತಿದಾನೆ ಅಂತ ಹೊರಗೆ ನಿಂತು ಲೆಕ್ಕ ಹಾಕಲ್ಲ.”

“ಗ್ಯಾಸ್ ಹೋದ ತಕ್ಷಣ ಅವನು ಗುಂಡು ಹೊಡ್ಕೋತಾನೆ.”

“ಹಾಗಾದ್ರೆ ಸುಮ್ಮನಿರೋಕೆ ಬಿಡಬೇಡಿ, ಮೇಡಂ,” ಅಂದ ಗ್ರಾಡಿ. ಆ ಮೇಡಂ ಅವನಿಗೆ ಹೊಸದು. ಒಂದು ನಿಮಿಷದ ಹಿಂದೆ ಚೀಫ್ ಎನ್ನುತ್ತಿದ್ದ.

ಕ್ಲಾರಿಸ್ ನನ್ನ ಮಡಚುವ ಕುರ್ಚಿಯಲ್ಲಿ ಕೂತು ರೇಡಿಯೊ ಬಾಯಿಗೆ ಹಿಡಿದರು.

“ಕಂಟ್ರೋಲ್‌ನಿಂದ ಹದಿನಾಲ್ಕಕ್ಕೆ.”

“ನೀವಲ್ಲ ಚೀಫ್. ನಡೀನ್ ಹೇಳ್ಲಿ.”

“ನಡೀನ್ ಊಟಕ್ಕೆ ಹೋಗಿದಾಳೆ.”

“ಅವಳು ಊಟಕ್ಕೆ ಎದ್ದದ್ದೇ ನಾನು ನೋಡಿಲ್ಲ. ಕುರ್ಚಿ ಮೇಲೇ ಪಿಯೆರೋಗಿ ಕಡುಬು ತಿಂತಾಳೆ.”

“ಇವತ್ತು ಹೋಗಿದಾಳೆ. ಹದಿನಾಲ್ಕು, ಕಾಯ್ತಿರು.”

ರೇಡಿಯೊ ಸುಮ್ಮನಾಯಿತು. ಗ್ರಾಡಿ ಗಡಿಯಾರ ನೋಡಿ ಒಂದು ಕೈ ಎತ್ತಿದ. ರೋಸೆಟ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಆ ಗುರುತು ಭಾನುವಾರದವರೆಗೂ ಇತ್ತು.

“ಹದಿನಾಲ್ಕು. ಕಾಯ್ತಿದೀನಿ.”

ಕಾಯ್ತಿರು ಎಂದರೆ ಇದ್ದಲ್ಲೇ ಇರು, ಲೈನು ಬಿಡಬೇಡ, ನಾವು ಹೇಳುವ ತನಕ ಎಲ್ಲಿಗೂ ಹೋಗಬೇಡ ಎಂದರ್ಥ. ಇಪ್ಪತ್ತೆರಡು ವರ್ಷ ಅದನ್ನು ಪಾಲಿಸಿದ ನಾಲಗೆ ಒಡೆಯನನ್ನು ಕೇಳದೆ ಉತ್ತರ ಕೊಟ್ಟಿತ್ತು. ಕ್ಲಾರಿಸ್ ಕಣ್ಣು ಮುಚ್ಚಿ ತೆರೆದರು. ಈಗ ಅವರು ಕೊನೆಯ ಕರೆಯನ್ನು ಶುರು ಮಾಡಬೇಕಿತ್ತು, ಮುಗಿಸಬಾರದಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ ಪೊಲೀಸರಿಗೇ ಹೊಳೆಯುವಂಥದ್ದು: ತಪ್ಪು ಹೇಳುವುದು.

“ಎಮೆಟ್ ಟ್ರೊಯಾನೊ. ಮೊದಲು ಗಸ್ತು, ಆಮೇಲೆ ಸೇತುವೆ ವಿಭಾಗ.”

“ಬಂದರು ವಿಭಾಗ.”

“ಬಂದರು. ಸರೋವರದ ಮಂಜುಗಡ್ಡೆ ಒಡೆದಾಗ ಇಬ್ಬರು ಮೀನುಗಾರರನ್ನ ಉಳಿಸಿದ.”

“ಮೂವರು. ಮೂರನೆಯವನು ಬರಲ್ಲ ಅಂತ ಹಟ ಮಾಡಿದ. ಬಿಯರ್ ಇನ್ನೂ ಇದೆ ಅಂದ.”

“ನನಗೆ ಇಬ್ಬರು ಅಂತ ನೆನಪು.”

“ನೀನು ಅಲ್ಲಿದ್ಯಾ? ನಾನಿದ್ದೆ. ಮೂವರು. ಆ ಬಿಯರ್ ಡಬ್ಬಾನೂ ನಾನೇ ಹೊತ್ಕೊಂಡು ಬಂದೆ, ಇಲ್ದಿದ್ರೆ ಅವನು ಹಗ್ಗ ಹಿಡೀತಿರಲಿಲ್ಲ.”

ಚರ್ಚಿನ ನೆಲಮಾಳಿಗೆಯಲ್ಲಿ ಕೋಸಿನ ಪಲ್ಯದ ಬಟ್ಟಲುಗಳ ನಡುವೆ ಸ್ಕ್ಯಾನರ್ ಇಟ್ಟುಕೊಂಡು ಕೂತಿದ್ದವರು ಇಲ್ಲಿ ನಕ್ಕರಂತೆ. ನಕ್ಕು ಒಬ್ಬರ ಮುಖ ಒಬ್ಬರು ನೋಡದೆ ಸುಮ್ಮನಾದರಂತೆ. ಕ್ಲಾರಿಸ್ ತಪ್ಪುಗಳನ್ನು ಒಂದರ ಮೇಲೊಂದು ಸುರಿದರು. ಅವನು ಸಾಕಿದ ಪೊಲೀಸ್ ನಾಯಿಯ ಹೆಸರು ತಪ್ಪು ಹೇಳಿದರು, ಹೆರಿಗೆ ಮಾಡಿಸಿದ್ದು ಬಸ್ಸಿನಲ್ಲಿ ಅಂದರು. ಅದು ಬ್ಯಾಂಕಿನ ಸಾಲಿನಲ್ಲಾಗಿತ್ತು. ಅವನು ಪ್ರತಿಯೊಂದನ್ನೂ ತಿದ್ದಿದ. ಒಂದು ಸುಳ್ಳು ವರದಿಗಾಗಿ ಕೆಲಸ ಕಳೆದುಕೊಂಡವನಿಗೆ ತನ್ನ ಬಗ್ಗೆ ಒಂದು ತಪ್ಪು ಅಕ್ಷರವೂ ಸಹಿಸದಾಗಿತ್ತು.

ಆಮೇಲೆ ಅವನೇ ಹೇಳಿದ: “ಇನ್ನೊಂದು ಸೇರಿಸು. ಆ ಸೈಕಲ್ ಹುಡುಗ. ತಾನಾಗಿ ಬೀಳಲಿಲ್ಲ. ನಾನು ತಳ್ಳಿದೆ. ಕೈ ನನ್ನದೇ.”

“ಒಪ್ಕೊಂಡ,” ಎಂದು ಗ್ರಾಡಿ ತೃಪ್ತಿಯಿಂದ ಪಿಸುಗುಟ್ಟಿದ. ಕ್ಲಾರಿಸ್‌ರ ಮುಖ ಬಿಳಿಚಿತು. ಮನೆ ಖಾಲಿ ಮಾಡುವವನು ಕೊನೆಗೆ ಕಸ ಗುಡಿಸುವ ಹಾಗಿತ್ತು ಆ ಮಾತು.

“ಈಗ ಮುಗ್ಸು, ಕ್ಲಾರಿಸ್. ನಿನಗೆ ಇನ್ನು ತಪ್ಪು ಸಿಗ್ತಿಲ್ಲ.”

“ಆಗಲ್ಲ.”

“ನೀನು ಎಲ್ಲ ಕಿತ್ಕೊಂಡೆ. ನಾನು ಏನಾದ್ರೂ ಅಂದ್ನಾ? ನೀನು ಮಾಡಿದ್ದು ಸರಿ. ನಾನಾಗಿದ್ರೂ ಅದೇ ಮಾಡ್ತಿದ್ದೆ. ಬೆಳಿಗ್ಗೆ ಏಳ್ತೀನಿ, ಬೂಟು ಹಾಕ್ಕೋತೀನಿ, ಆಮೇಲೆ ಎಲ್ಲಿಗೆ ಅಂತ ಗೊತ್ತಿಲ್ಲ. ದಿನಾ. ನನ್ನ ಡ್ಯೂಟಿ ಮುಗೀತು ಅಂತ ಯಾರೂ ಹೇಳೇ ಇಲ್ಲ. ಅಷ್ಟು ಹೇಳು ಸಾಕು.”

ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುವುದನ್ನು ರೋಸೆಟ್ ವಾಕಿಂಗಿಗೆ ಎಂದುಕೊಂಡಿದ್ದಳು.

“ಹೇಳೋ ಅಧಿಕಾರ ನನಗಿಲ್ಲ, ಎಮೆಟ್,” ಕ್ಲಾರಿಸ್ ಅಂದರು. “ಕೊನೆಯ ಕರೆಗೆ ಅಪ್ಪಣೆ ಕೊಡೋದು ಕಮಾಂಡಿನಲ್ಲಿರೋರು. ಈಗ ಕಮಾಂಡ್ ಗ್ರಾಡಿಯದು.”

“ಗ್ರಾಡಿ? ಕಿಟಕಿ ತೆಗೆದಿಟ್ಕೊಂಡು ಕಾರ್ ವಾಷ್ ಒಳಗೆ ಹೋದ ಗ್ರಾಡಿ?”

“ಅವನೇ.”

“ದೇವರೇ ಕಾಪಾಡಬೇಕು ನಿಮ್ಮನ್ನ,” ಅಂದ ಎಮೆಟ್. ಗ್ರಾಡಿಯ ಕಿವಿ ಕೆಂಪಾಯಿತು, ಊರಿಗೆಲ್ಲ ಕೇಳಿತ್ತು. ಆ ಹೊತ್ತಿಗೇ ರೇಡಿಯೊದ ಆ ಕಡೆಯಿಂದ ಒಂದು ಸಣ್ಣ ಕೀಚು ಬಂತು. ಮತ್ತೊಂದು.

“ಬ್ಯಾಟರಿ ಹೋಗ್ತಿದೆ,” ಎಮೆಟ್ ಹೇಳಿದ. ಅವನ ದನಿಯಲ್ಲಿ ಮೊದಲ ಸಲ ಗಾಬರಿ ಕೇಳಿಸಿತು. ಕರೆ ನಡುವಿನಲ್ಲಿರುವಾಗ ರೇಡಿಯೊ ಸಾಯಲು ಬಿಡುವುದು ಅವರಲ್ಲಿ ಹೊಸಬರು ಮಾಡುವ ತಪ್ಪು.

ಗ್ರಾಡಿ ಬಾಗಿಲ ಕಡೆ ಹೋಗಿ, ಬೇಲಿಯ ಹಿಂದೆ ಬಗ್ಗಿ ಕೂತಿದ್ದ ತನ್ನವರಿಗೆ ಬೆರಳು ತೋರಿಸಿದ. ಸಿದ್ಧರಾಗಿ ಎಂದು.

“ಗ್ರಾಡಿ, ಬೇಡ.”

“ಸುಮ್ಮನಾದ್ರೆ ಹೋಗ್ತೀನಿ ಅಂದಿದ್ದೆ, ಮೇಡಂ. ನೀವು ಬರೆದ ನಿಯಮ.”

ಕ್ಲಾರಿಸ್ ತಮ್ಮ ಸೊಂಟದ ಚೀಲದಿಂದ ಇನ್ನೊಂದು ಬ್ಯಾಟರಿ ತೆಗೆದರು. ಸೊಂಟದ ಪಿಸ್ತೂಲು ಬಿಚ್ಚಿ ನನ್ನ ಬಣ್ಣದ ಡಬ್ಬಗಳ ಪಕ್ಕ ಇಟ್ಟರು. “ಹದಿನಾಲ್ಕು, ಬ್ಯಾಟರಿ ತರ್ತಿದೀನಿ. ಕಾಯ್ತಿರು,” ಎಂದು ಹೇಳಿ ಗ್ಯಾರೇಜಿನಿಂದ ಹೊರಬಿದ್ದರು.

“ನಿಲ್ಲಿ,” ಗ್ರಾಡಿ ಕೂಗಿದ. “ಕಮಾಂಡರ್ ಆಗಿ ಹೇಳ್ತಿದೀನಿ, ನಿಲ್ಲಿ. ಇದು ಆಜ್ಞೆ ಮೀರೋದು.”

“ಹೌದು. ಬರ್ಕೋ,” ಅಂದರು ಕ್ಲಾರಿಸ್, ತಿರುಗದೆ.

ಕೋಟಿಲ್ಲದೆ, ಬ್ಯಾಟರಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಐವತ್ತೆಂಟರ ಹೆಂಗಸು ಹಿಮದಲ್ಲಿ ರಸ್ತೆ ದಾಟಿದರು. ತಮ್ಮವರೇ ಮುಂದೆ ಇರುವಾಗ ಗ್ಯಾಸ್ ಹಾಕುವಂತಿಲ್ಲ. ಬೇಲಿಯ ಹಿಂದಿನವರು ಗ್ರಾಡಿಯ ಮುಖ ನೋಡಿದರು. ಗ್ರಾಡಿ ನಕ್ಷೆ ನೋಡಿದ.

ಬಾಗಿಲು ತೆರೆಯಿತು. ಎಮೆಟ್ ಪೂರ್ತಿ ಯೂನಿಫಾರ್ಮಿನಲ್ಲಿದ್ದ. ಬ್ಯಾಡ್ಜ್ ಇರಬೇಕಾದ ಕಡೆ ಎರಡು ತೂತುಗಳಿದ್ದವು. ಒಂದು ಕೈಯಲ್ಲಿ ಸತ್ತ ರೇಡಿಯೊ, ಇನ್ನೊಂದರಲ್ಲಿ ಪಿಸ್ತೂಲು. ಆ ಹಳೆಯ ರೇಡಿಯೊಗಳ ಬ್ಯಾಟರಿ ಬಿಚ್ಚಲು ಕೊಕ್ಕೆಯನ್ನು ಒತ್ತಿಕೊಂಡೇ ಎಳೆಯಬೇಕು, ಎರಡು ಕೈ ಬೇಕು. ದಿನಸಿ ಚೀಲ ಹಿಡಿದವನ ಕೈಗೆ ಯಾರೋ ಕೂಸನ್ನೂ ಕೊಟ್ಟಂತೆ ಅವನು ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ರೇಡಿಯೊವನ್ನು ಅವರ ಕಡೆ ಚಾಚಿದ.

ಕ್ಲಾರಿಸ್ ತೆಗೆದುಕೊಳ್ಳಲಿಲ್ಲ. “ನನ್ನ ಬೆರಳು ಮರಗಟ್ಟಿವೆ. ನೀನೇ ಹಾಕು.”

ಇದು ನಿಜವೋ ಉಪಾಯವೋ ಅವರೇ ಬಲ್ಲರು. ಅವನು ಬಹಳ ಹೊತ್ತು ನಿಂತ. ಕೊನೆಗೆ ಅವನು ರೇಡಿಯೊವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೇಲಧಿಕಾರಿಗೆ ಆಯುಧ ಒಪ್ಪಿಸುವಾಗ ಹೇಗೆ ಮಾಡಬೇಕೋ ಹಾಗೇ ಮಾಡಿದ: ಗುಂಡು ತುಂಬಿದ ಮ್ಯಾಗಜೀನ್ ಕಳಚಿದ, ಮೇಲ್ಭಾಗವನ್ನು ಹಿಂದಕ್ಕೆ ಎಳೆದು ನಿಲ್ಲಿಸಿದ, ಹಿಡಿಯನ್ನು ಅವರ ಕಡೆ ಮಾಡಿ ಕೊಟ್ಟ. ಎಳೆದಾಗ ಒಳಗಿದ್ದ ಗುಂಡು ಹೊರಗೆ ಹಾರಿ ಜಗಲಿಯ ಹಿಮದಲ್ಲಿ ಬಿತ್ತು.

ಇಬ್ಬರೂ ಒಟ್ಟಿಗೆ ಮಂಡಿಯೂರಿದರು. ಒಂದೊಂದು ಗುಂಡಿಗೂ ಲೆಕ್ಕ ಕೊಡಬೇಕೆಂಬುದನ್ನು ಅವರಿಗೆ ಒಂದೇ ತರಗತಿಯಲ್ಲಿ ಕಲಿಸಿದ್ದರು. ಬರಿಗೈಯಲ್ಲಿ ಹಿಮ ಕೆದಕುತ್ತ ಇಡೀ ಜಗಲಿ ಹರಿದಾಡಿದರು.

“ಏನು ಮಾಡ್ತಿದಾರೆ ಅವರು?” ಗ್ರಾಡಿ ಕೇಳಿದ.

“ಪ್ರಾರ್ಥನೆ,” ಅಂದಳು ರೋಸೆಟ್. ಯಾರ ಅಪ್ಪಣೆಯನ್ನೂ ಕೇಳದೆ ರಸ್ತೆಗಿಳಿದಳು.

ಆಂಬುಲೆನ್ಸ್ ಬಂದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಅಷ್ಟು ಹೊತ್ತೂ ಅವರು ಹುಡುಕುತ್ತಲೇ ಇದ್ದರು. ಎಮೆಟ್ ಹಲಗೆಯ ಸಂದುಗಳಿಗೆ ಬೆರಳು ತೂರಿಸುತ್ತಿದ್ದ, ಕ್ಲಾರಿಸ್ “ಆ ಮೂಲೇಲಿ ನೋಡು, ಇನ್ನೊಂದ್ಸಲ ನೋಡು” ಎನ್ನುತ್ತಿದ್ದರು, ಹಿಂದಿನಿಂದ ರೋಸೆಟ್ ಅವನ ಕೋಟಿನ ಅಂಚು ಹಿಡಿದು ಕೂತಿದ್ದಳು. ಗುಂಡು ಮೊದಲಿನಿಂದಲೂ ಚೀಫ್‌ರ ಎಡಮಂಡಿಯ ಕೆಳಗಿತ್ತು. ಅದು ಚರ್ಮಕ್ಕೆ ಒತ್ತಿ ಆದ ನೀಲಿ ಗುರುತನ್ನು, ಆಜ್ಞೆ ಮೀರಿದ್ದಕ್ಕೆ ಮೇಯರ್ ಅವರನ್ನು ಮನೆಗೆ ಕಳಿಸಿದ ವಾರ, ನನ್ನ ಅಡುಗೆಮನೆಯಲ್ಲಿ ಪ್ಯಾಂಟು ಮಡಚಿ ತೋರಿಸಿದರು.

“ನೋವಾಗ್ತಿತ್ತು,” ಅಂದರು. “ಆದ್ರೆ ಅವನು ಹುಡುಕ್ತಿದ್ದ.”